ತಲೆ ತಿರುಗುವ ಹಾವು

2018ರಲ್ಲಿ ಕಂಪನಿಯವರು ನನ್ನನ್ನು ಎಂಟು ತಿಂಗಳ ಮಟ್ಟಿಗೆ ಶಿಕಾಗೋಗೆ ಕಳಿಸಿದ್ದರು. ಅಲ್ಲಿನ ಟೀಮಿನಲ್ಲಿ ಐವತ್ತು ದಾಟಿದ ಒಬ್ಬ ಬಿಲ್ಡ್ ಇಂಜಿನಿಯರ್ ಇದ್ದ. ಚಳಿಗಾಲ ಶುರುವಾಗೋ ಮುಂಚೆ ನನಗೆ ಜಾಕೆಟ್ ಕೊಡಿಸಿದವನು, ಕಾರಿಲ್ಲದ ನನ್ನನ್ನು ಪ್ರತಿ ಶನಿವಾರ ಇಂಡಿಯನ್ ಸ್ಟೋರಿಗೆ ಕರೆದುಕೊಂಡು ಹೋಗುತ್ತಿದ್ದವನು. ಇದನ್ನು ಮೊದಲೇ ಹೇಳಿಬಿಡ್ತೀನಿ. ಇಲ್ಲದಿದ್ರೆ ಮುಂದಿನದನ್ನು ಓದಿ ಅವನನ್ನು ಕಟುಕ ಅಂದುಕೊಂಡುಬಿಡ್ತೀರಿ. ಅವನು ಅಂಥವನಲ್ಲ.

ಅವನ ಮನೆಯ ಬೇಸ್‌ಮೆಂಟಿನಲ್ಲಿ ನಲವತ್ತು ಹಾವುಗಳಿದ್ದವು. ಗೋಡೆಗೆ ಒರಗಿಸಿದ ರ‍್ಯಾಕು, ಅದರಲ್ಲಿ ಡ್ರಾಯರ್‌ಗಳ ಥರ ಎಳೆಯುವ ಪ್ಲಾಸ್ಟಿಕ್ ಡಬ್ಬಿಗಳು, ಹಿಂದುಗಡೆ ಬಿಸಿ ಕೊಡುವ ಟೇಪು, ಡಬ್ಬಿಗೊಂದು ಹಾವು. ನೋಡಿದರೆ ಸರ್ವರ್ ರೂಮೇ. ಎಲ್ಲವೂ ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗಿಡ್ಡ ಹೆಬ್ಬಾವು ಅದು. ನಾಲ್ಕೈದು ಅಡಿ ಬೆಳೆಯುತ್ತೆ, ವಿಷ ಇಲ್ಲ. ಹೆದರಿದರೆ ಕಚ್ಚೋದು ಬಿಟ್ಟು, ತಲೆಯನ್ನು ಮಧ್ಯಕ್ಕೆ ಎಳೆದುಕೊಂಡು ಮೈಯನ್ನೆಲ್ಲ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ. ಹೆಸರು ಬಂದದ್ದು ಅದರಿಂದಲೇ. ಬೆನಿನ್ ದೇಶದ ವೀದಾ ಎಂಬ ಊರಿನಲ್ಲಿ ಈ ಹಾವಿಗೇ ಒಂದು ಗುಡಿ ಇದೆ. ಇಲಿ ಹುಡುಕಿಕೊಂಡು ಹೊರಗೆ ಹೋದ ಹಾವು ಯಾರದೋ ಮನೆಗೆ ನುಗ್ಗಿದರೆ, ಆ ಮನೆಯವರು ಅದನ್ನು ಎತ್ತಿಕೊಂಡು ಬಂದು ಗುಡಿಯಲ್ಲಿ ಬಿಟ್ಟು ಹೋಗ್ತಾರಂತೆ. ಅಮೆರಿಕದಲ್ಲಿ ಅದೇ ಹಾವು ಬಣ್ಣದ ವ್ಯಾಪಾರ. 1992ರಲ್ಲಿ ಬಾಬ್ ಕ್ಲಾರ್ಕ್ ಅನ್ನೋರು ಆಲ್ಬಿನೋ ಮರಿಗಳನ್ನು ಹುಟ್ಟಿಸಿ ತೋರಿಸಿದ ಮೇಲೆ ಶುರುವಾದ ಹುಚ್ಚು ಇನ್ನೂ ನಿಂತಿಲ್ಲ. ಹೊಸ ಬಣ್ಣ, ಹೊಸ ಪಟ್ಟೆ, ಎರಡನ್ನು ಕೂಡಿಸಿ ಮೂರನೆಯದು. ಇವಕ್ಕೆ ಮಾರ್ಫ್ ಅಂತಾರೆ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅವನು ಹತ್ತು ದಿನ ಮಗಳ ಮನೆಗೆ ಹೊರಟ. ನೀರು ಬದಲಾಯಿಸು, ಮೂರು ಹಾವಿಗೆ ಮಾತ್ರ ಇಲಿ ಕೊಡು ಅಂತ ಬೀಗದಕೈ ನನ್ನ ಕೈಗಿಟ್ಟ. "ನೀನು ಹಳ್ಳಿಯವನು, ನಿನಗೆ ಹಾವೆಂದ್ರೆ ಭಯ ಇರಲ್ಲ" ಅಂದ. ಹಳ್ಳಿಯವರಿಗೇ ಹಾವಿನ ಭಯ ಜಾಸ್ತಿ ಅನ್ನೋದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಮೂರರಲ್ಲಿ ಒಂದು ಬಂಬಲ್‌ಬೀ. ಸ್ಪೈಡರ್ ಅನ್ನೋ ಮಾರ್ಫನ್ನು ಪ್ಯಾಸ್ಟಲ್ ಅನ್ನೋ ಮಾರ್ಫಿನ ಜೊತೆ ಕೂಡಿಸಿದರೆ ಬರೋದು. ನಾನು ಜೀವಮಾನದಲ್ಲಿ ನೋಡಿದ ಅತ್ಯಂತ ಚೆಂದದ ಹಾವು ಅದು, ಇವತ್ತಿಗೂ. ಹಣ್ಣಾದ ನಿಂಬೆಯ ಬಣ್ಣದ ಮೈ, ಅದರ ಮೇಲೆ ಜೇಡರ ಬಲೆಯ ಹಾಗೆ ತೆಳ್ಳನೆ ಕಪ್ಪು ಎಳೆ. "ಅವಳಿಗೆ ಸ್ವಲ್ಪ ತಾಳ್ಮೆ ಬೇಕು. ವಾಬಲ್ ಇದೆ" ಅಂತಷ್ಟೇ ಹೇಳಿ ಹೋಗಿದ್ದ.

ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿ ಅದ್ದಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಅದರ ಮುಂದೆ ತೂಗಾಡಿಸಿದೆ. ಬೇರೆ ಎರಡು ಹಾವು ಕಣ್ಣು ಮಿಟುಕಿಸೋದರೊಳಗೆ ಇಲಿಯನ್ನು ಕಿತ್ತುಕೊಂಡಿದ್ದವು. ಇದು ತಲೆ ಎತ್ತಿತು. ತಲೆ ನಡುಗೋಕೆ ಶುರುವಾಯ್ತು, ಎಂಬತ್ತು ವರ್ಷದ ಮುದುಕರ ತಲೆ ನಡುಗುತ್ತಲ್ಲ, ಹಾಗೆ. ಆಮೇಲೆ ಕತ್ತು ಒಂದು ಕಡೆಗೆ ತಿರುಚಿಕೊಳ್ತಾ ಹೋಗಿ ಗದ್ದ ಮೇಲಾಯ್ತು, ನೆತ್ತಿ ಕೆಳಗಾಯ್ತು. ಆ ಸ್ಥಿತಿಯಲ್ಲೇ ಎರಗಿತು. ಇಲಿ ಇದ್ದದ್ದು ಎಡಕ್ಕೆ, ಅದು ಹೋಗಿ ಹೊಡೆದದ್ದು ಡಬ್ಬಿಯ ಗೋಡೆಗೆ. ಬೆನ್ನ ಮೇಲೆ ಬಿತ್ತು. ಬಿದ್ದಮೇಲೆ ಹೊಟ್ಟೆ ಯಾವ ಕಡೆ ಇರಬೇಕು ಅನ್ನೋದನ್ನು ಹುಡುಕಿಕೊಳ್ಳೋಕೆ ಅದಕ್ಕೆ ಸ್ವಲ್ಪ ಹೊತ್ತು ಹಿಡೀತು. ಮತ್ತೆ ತಲೆ ಎತ್ತಿತು. ಐದನೇ ಸಲಕ್ಕೆ ಇಲಿಯ ಹಿಂಗಾಲು ಬಾಯಿಗೆ ಸಿಕ್ಕಿತು. ಆಮೇಲೆ ಸರಿಯಾಗೇ ನುಂಗಿತು.

ನಾನು ಅದನ್ನು ಫೋನಿನಲ್ಲಿ ವಿಡಿಯೋ ಮಾಡಿದ್ದೆ. ಚೆಂದದ ಹಾವು ಅಂತ ಊರಿಗೆ ಕಳಿಸಿದೆ. ಅದು ನಾನು ಮಾಡಿದ ತಪ್ಪು.

ಆ ವರ್ಷ ನಮ್ಮವ್ವನಿಗೆ ತಲೆಸುತ್ತು ಬಂದು ಹೋಗಿತ್ತು. ಬೆಳಗಿನ ಜಾವ ಮಗ್ಗುಲು ಬದಲಾಯಿಸಿದ ತಕ್ಷಣ ಮನೆಯೇ ಗಿರಗಿರ ತಿರುಗಿದಂತಾಗಿ, ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂಗಿದ್ದಳಂತೆ. ಹಾಸನದ ಡಾಕ್ಟರು ನೋಡಿ, ಒಳಗಿವಿಯಲ್ಲಿರೋ ಸುಣ್ಣದ ಹರಳು ಜಾಗ ತಪ್ಪಿ ಬೇರೆ ಕಡೆ ಸೇರಿಕೊಂಡಿದೆ ಅಂತ ಹೇಳಿ, ತಲೆಯನ್ನು ಒಂದು ಕ್ರಮದಲ್ಲಿ ಆ ಕಡೆ ಈ ಕಡೆ ತಿರುಗಿಸಿ ವಾಸಿ ಮಾಡಿದ್ದರು. ಒಂದು ಮಾತ್ರೆಯೂ ಇಲ್ಲ. ವಿಡಿಯೋ ನೋಡಿ ಅವ್ವ ಫೋನ್ ಮಾಡಿದಳು. ಚೆಂದದ ಮಾತು ಬರಲೇ ಇಲ್ಲ.

"ಪಾಪ ಕಣ್ಲಾ ಮಗ, ಅದಕ್ಕೂ ನನ್ನಂಗೇ ತಲೆ ತಿರುಗ್ತದೆ. ನಾನಾದ್ರೆ ಮಂಚ ಹಿಡ್ಕಂಡೆ. ಅದು ಏನ್ ಹಿಡ್ಕಂಡಾದು?"

ಅದು ಹುಟ್ಟಿನಿಂದಲೇ ಹಾಗೆ, ಆ ಬಣ್ಣದ ಜೊತೆಗೇ ಬರೋದು ಅದು ಅಂತ ವಿವರಿಸಿದೆ. ಒಂದು ಕ್ಷಣ ಸುಮ್ಮನಿದ್ದಳು. "ಗೊತ್ತಿದ್ದೂ ಗೊತ್ತಿದ್ದೂ ಮರಿ ಮಾಡುಸ್ತಾರ?"

ಮಾಡಿಸ್ತಾರೆ. ಸ್ಪೈಡರ್ ಜೀನಿನ ಕತೆ ಹೀಗಿದೆ. ತೊಂಬತ್ತರ ದಶಕದ ಕೊನೆಗೆ ಆಫ್ರಿಕಾದಿಂದ ಬಂದ ಒಂದು ಹಾವಿನಲ್ಲಿ ಈ ವಿನ್ಯಾಸ ಕಾಣಿಸಿಕೊಂಡಿತು. ಅದು ಪ್ರಬಲ ಜೀನು. ಅಪ್ಪ ಅಮ್ಮಂದಿರಲ್ಲಿ ಒಬ್ಬರು ಸ್ಪೈಡರ್ ಆದರೆ ಸಾಕು, ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಸ್ಪೈಡರ್ ಆಗ್ತಾವೆ. ಎರಡೂ ಕಡೆಯಿಂದ ಬಂದರೆ ಮರಿ ಉಳಿಯೋದಿಲ್ಲ ಅಂತ ಸಾಕುವವರೇ ಸಾಮಾನ್ಯವಾಗಿ ಒಪ್ಪುತ್ತಾರೆ. ಶುರುವಿನಲ್ಲಿ ಒಂದು ಸ್ಪೈಡರಿಗೆ ಸಾವಿರಾರು ಡಾಲರ್ ಇತ್ತು. ಈಗ ಒಂದು ಜೊತೆ ಒಳ್ಳೆ ಶೂ ತಗೊಳ್ಳೋ ದುಡ್ಡಿಗೆ ಸಿಗುತ್ತೆ. ವಾಬಲ್ ಮಾತ್ರ ಅವತ್ತಿಂದ ಇವತ್ತಿಗೂ ಇದೆ. ಬೇರೆ ಬೇರೆ ರಕ್ತದ ಹಾವುಗಳ ಜೊತೆ ಕೂಡಿಸಿದರೆ ತಾನಾಗೇ ಹೋಗುತ್ತೆ ಅಂತ ಬಹಳ ವರ್ಷ ನಂಬಿದ್ದರು. ಹೋಗಲಿಲ್ಲ. ಕೆಲವಕ್ಕೆ ಕಂಡೂ ಕಾಣದಷ್ಟು, ಕೆಲವಕ್ಕೆ ನಾನು ನೋಡಿದಷ್ಟು, ಇನ್ನು ಕೆಲವಕ್ಕೆ ಇಲಿ ಹಿಡಿಯೋಕೇ ಆಗದಷ್ಟು. ಸ್ವಲ್ಪವೇ ನಡುಗುವ ತಾಯಿಗೆ ವಿಪರೀತ ತಿರುಚಿಕೊಳ್ಳುವ ಮರಿ ಹುಟ್ಟಬಹುದು, ಮೊದಲೇ ಹೇಳೋಕಾಗಲ್ಲ.

ಎಲ್ಲರೂ ಇದನ್ನು ನರದ ತೊಂದರೆ, ಮಿದುಳಿನ ತೊಂದರೆ ಅಂತಲೇ ಕರೆಯುತ್ತಿದ್ದರು. 2022ರಲ್ಲಿ ಜರ್ಮನಿಯ ಸಂಶೋಧಕರು ಸ್ಪೈಡರ್ ಹಾವುಗಳ ತಲೆಯನ್ನು ಸೂಕ್ಷ್ಮ ಸಿಟಿ ಸ್ಕ್ಯಾನಿನಲ್ಲಿ ನೋಡಿ 'ಪ್ಲೋಸ್ ಒನ್' ಪತ್ರಿಕೆಯಲ್ಲಿ ಬರೆದರು. ತೊಂದರೆ ಕಂಡದ್ದು ಒಳಗಿವಿಯಲ್ಲಿ. ತಲೆ ಯಾವ ಕಡೆ ತಿರುಗ್ತಿದೆ ಅಂತ ಹೇಳುವ ಅರ್ಧಚಂದ್ರದಂಥ ನಾಳಗಳು, ನೆಲ ಯಾವ ಕಡೆ ಅಂತ ಹೇಳುವ ಸ್ಯಾಕ್ಯುಲಸ್ ಅನ್ನೋ ಚೀಲ, ಎರಡೂ ವಿಕಾರವಾಗಿದ್ದವು. ಬಣ್ಣಕ್ಕೂ ಕಿವಿಗೂ ಎಲ್ಲಿಯ ನಂಟು ಅನ್ನಿಸಬಹುದು. ನಂಟು ಹಳೆಯದು. ಭ್ರೂಣದಲ್ಲಿ ಬೆನ್ನುಹುರಿಯಾಗುವ ಭಾಗದ ಅಂಚಿನಿಂದ ಹೊರಡುವ ಬಣ್ಣದ ಕೋಶಗಳು ಚರ್ಮಕ್ಕೆ ಹೋಗೋ ಹಾಗೇ ಒಳಗಿವಿಗೂ ಹೋಗ್ತಾವೆ. ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಕಿವುಡು ಜಾಸ್ತಿ, ಡಾಲ್ಮೇಷಿಯನ್ ನಾಯಿಗಳಲ್ಲೂ ಅಷ್ಟೆ.

ಅಂದ್ರೆ ವೈದ್ಯ ಗೊತ್ತಿಲ್ಲದ, ಹಾವೆಂದ್ರೆ ದೂರ ಓಡುವ ಅವ್ವ ಮೂರು ನಿಮಿಷದ ವಿಡಿಯೋದಲ್ಲಿ ಕಿವಿಯ ಕಾಯಿಲೆ ಕಂಡುಹಿಡಿದಿದ್ದಳು. ಅದು ಕಾಕತಾಳೀಯವೂ ಇರಬಹುದು. ಅವ್ವನಿಗೆ ಇದನ್ನು ಹೇಳಿದಾಗ "ಓದಿರೋರು ಈಗ ಹೇಳುದ್ರಾ?" ಅಂದಳು, ಅಷ್ಟೆ.

ರಜೆ ಮುಗಿಸಿ ಬಂದ ಸ್ನೇಹಿತನನ್ನು ನಾನು ಕೇಳಿದೆ. ಅವ್ವನ ಪ್ರಶ್ನೆಯನ್ನೇ, ಸ್ವಲ್ಪ ನಯ ಮಾಡಿ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅವನ ಹತ್ತಿರ ಉತ್ತರ ಸಿದ್ಧವಿತ್ತು, ಯಾಕಂದ್ರೆ ಇದು ಹಾವು ಸಾಕುವವರ ನಡುವೆ ಇಪ್ಪತ್ತು ವರ್ಷದ ಜಗಳ.

ಮೊದಲನೆಯದು, ಅವಳು ತಿಂತಾಳೆ. ಬಾಲ್ ಪೈಥಾನ್ ಸ್ವಲ್ಪ ಕಿರಿಕಿರಿಯಾದರೂ ತಿಂಗಳುಗಟ್ಟಲೆ ಉಪವಾಸ ಕೂರುವ ಜಾತಿ. ಇವಳು ಒಂದು ಊಟವನ್ನೂ ಬಿಟ್ಟಿಲ್ಲ, ಪೊರೆ ಚೆನ್ನಾಗಿ ಬಿಡ್ತಾಳೆ, ಮೊಟ್ಟೆ ಇಡ್ತಾಳೆ. ನೋವಿದ್ದಿದ್ದರೆ ಹೀಗಿರ್ತಿದ್ದಳಾ? ಇದು ಹಗುರವಾದ ವಾದ ಅಲ್ಲ. ಅವ್ವನ ತಲೆಸುತ್ತಿಗೂ ಹಾವಿನ ತಲೆಸುತ್ತಿಗೂ ವ್ಯತ್ಯಾಸ ಇದೆ ಅನ್ನೋದನ್ನೂ ನಾನು ಒಪ್ಪಬೇಕು. ಅರವತ್ತು ವರ್ಷ ನೆಟ್ಟಗಿದ್ದ ಲೋಕ ಒಂದು ಬೆಳಗ್ಗೆ ತಿರುಗಿದರೆ ಆಗುವ ಗಾಬರಿ, ಲೋಕ ಯಾವತ್ತೂ ನೆಟ್ಟಗೇ ಇರದ ಜೀವಕ್ಕೆ ಆಗುತ್ತೆ ಅಂತ ಹೇಗೆ ಹೇಳೋದು? ಮನುಷ್ಯರಲ್ಲೂ ಹುಟ್ಟಿನಿಂದ ಈ ಕೊರತೆ ಇರುವವರು ಕಣ್ಣು, ಕಾಲಿನ ಸ್ಪರ್ಶ ಇವನ್ನೆಲ್ಲ ಆಧಾರ ಮಾಡಿಕೊಂಡು ನಡೆಯೋದು ಕಲೀತಾರೆ.

ಆದ್ರೆ ತಿನ್ನೋದು ಹಸಿವಿಗೆ ಸಾಕ್ಷಿ, ಸುಖಕ್ಕಲ್ಲ. ಹಾವಿಗೆ ಕೂಗೋಕೆ ದನಿಯಿಲ್ಲ, ಮುಖ ಕಿವುಚೋಕೆ ಬರಲ್ಲ. ನಾಯಿಮರಿ ಹೀಗೆ ಮಗುಚಿ ಬಿದ್ದು ಕುಂಯ್ ಅಂದಿದ್ದರೆ ಈ ಮಾರ್ಫು ಒಂದೇ ವರ್ಷದಲ್ಲಿ ಮುಗಿದುಹೋಗ್ತಿತ್ತು. ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತೆ. ಈ ಪ್ರಾಣಿಗಿರೋ ರಕ್ಷಣೆ ಒಂದೇ, ತಲೆಯನ್ನು ಮೈಯ ನಡುವೆ ಬಚ್ಚಿಟ್ಟುಕೊಂಡು ಚೆಂಡಾಗೋದು. ಹೆದರಿದಾಗ ವಾಬಲ್ ಹೆಚ್ಚಾಗುತ್ತೆ ಅಂತ ಸಾಕುವವರೇ ಹೇಳ್ತಾರೆ. ಹೆದರಿಕೆಗೆ ಇರೋ ಒಂದೇ ಉಪಾಯ ಕೈಕೊಡೋದು ಹೆದರಿದಾಗಲೇ. ನೋವು ಎಷ್ಟು ಅಂತ ಅಳೆಯೋಕೆ ನನಗೆ ಬರಲ್ಲ. ಆ ಜೀವ ಮಾಡಬೇಕಾದ ಕೆಲಸಕ್ಕೇ ಅದನ್ನು ಅಸಮರ್ಥ ಮಾಡಿ ಹುಟ್ಟಿಸಿದ್ದೀವಿ ಅನ್ನೋದು ಅಳತೆ ಇಲ್ಲದೇ ಕಾಣುತ್ತೆ.

ಎರಡನೆಯ ವಾದ, "ನನಗೆ ಬೇಕಾದ್ದು ವಾಬಲ್ ಅಲ್ಲ, ಬಣ್ಣ." ಇದನ್ನು ಕೇಳಿದಾಗ ನನಗೆ ನಗು ಬಂತು, ಯಾಕಂದ್ರೆ ಇದು ನಮ್ಮ ಭಾಷೆ. ನಾವು ರಿಲೀಸ್ ನೋಟ್ಸಿನ ಕೊನೆಯಲ್ಲಿ 'ನೋನ್ ಇಶ್ಯೂಸ್' ಅಂತ ಒಂದು ಪಟ್ಟಿ ಹಾಕ್ತೀವಿ. ಬಗ್ ಇದೆ, ಗೊತ್ತಿದೆ, ಸದ್ಯಕ್ಕೆ ಸರಿಮಾಡಲ್ಲ, ಡೇಟ್ ಹತ್ತಿರ ಬಂತು, ಕಳಿಸ್ತಿದ್ದೀವಿ. ಎಷ್ಟೋ ರಾತ್ರಿ ನಾನೇ ಟೈಪ್ ಮಾಡಿದ್ದೀನಿ. ಅದರಲ್ಲಿ ಮೋಸ ಏನೂ ಇಲ್ಲ, ಯಾಕಂದ್ರೆ ಬಗ್ಗನ್ನು ಅನುಭವಿಸುವವನು ಕಸ್ಟಮರ್, ಅದನ್ನು ಓದಿ ಬೇಕು ಬೇಡ ಅನ್ನುವವನೂ ಕಸ್ಟಮರ್. ಹಾವಿನ ವ್ಯಾಪಾರದಲ್ಲೂ ಒಳ್ಳೆಯ ಬ್ರೀಡರುಗಳು ಪ್ರಾಮಾಣಿಕರು. ವಾಬಲ್ ಇದೆ ಅಂತ ಹೇಳಿಯೇ ಮಾರ್ತಾರೆ. ನನ್ನ ಸ್ನೇಹಿತನೂ ಹಾಗೇ. ಆದ್ರೆ ಯಾರಿಗೆ ಹೇಳ್ತಿದ್ದಾನೆ ನೋಡಿ. ಕೊಳ್ಳುವವನಿಗೆ ಚೆಂದ ಸಿಗುತ್ತೆ, ಮಾರುವವನಿಗೆ ದುಡ್ಡು ಸಿಗುತ್ತೆ, ಬಗ್ ಪೂರ್ತಿ ಹೋಗಿ ಕೂರೋದು ಇಬ್ಬರೂ ಅಲ್ಲದ ಮೂರನೆಯವರ ಕಿವಿಯಲ್ಲಿ. ಬಾಲ್ ಪೈಥಾನ್ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತೆ. ಅಷ್ಟು ವರ್ಷ ಅದಕ್ಕೆ ಪ್ಯಾಚ್ ಬರಲ್ಲ. ಬಣ್ಣವನ್ನು ಇಟ್ಟುಕೊಂಡು ವಾಬಲ್ ತೆಗೆಯೋಕೆ ಆಗಲ್ಲ ಅಂತ ಇಪ್ಪತ್ತು ವರ್ಷದಲ್ಲಿ ಗೊತ್ತಾದ ಮೇಲೆ, ಬಣ್ಣ ಮಾತ್ರ ಬೇಕು ಅನ್ನೋದು ಮಾತಾಗಿ ಉಳೀತೇ ಹೊರತು ಆಯ್ಕೆಯಾಗಿ ಉಳಿಯಲಿಲ್ಲ.

ಮೂರನೆಯ ವಾದದ ಮುಂದೆ ನಾನು ತಿಂಗಳುಗಟ್ಟಲೆ ಕೂತಿದ್ದೆ. ಅವನು ಬಂಬಲ್‌ಬೀಯನ್ನು ಕೈಗೆ ಸುತ್ತಿಕೊಂಡು ಹೇಳಿದ್ದು ಇಷ್ಟು: "ನಾನು ಆ ಜೋಡಿ ಕೂಡಿಸದೇ ಇದ್ದಿದ್ದರೆ ವಾಬಲ್ ಇಲ್ಲದ ಇವಳು ಹುಟ್ಟುತ್ತಿರಲಿಲ್ಲ. ಇವಳೇ ಹುಟ್ಟುತ್ತಿರಲಿಲ್ಲ. ಹಾಗಾದ್ರೆ ನಾನು ಇವಳಿಗೆ ಏನು ಅನ್ಯಾಯ ಮಾಡಿದೆ?"

ಡೆರೆಕ್ ಪಾರ್ಫಿಟ್ ಅನ್ನುವ ಇಂಗ್ಲಿಷ್ ತತ್ವಜ್ಞಾನಿ 1984ರ 'ರೀಸನ್ಸ್ ಅಂಡ್ ಪರ್ಸನ್ಸ್' ಪುಸ್ತಕದಲ್ಲಿ ಇದೇ ಒಗಟನ್ನು ಮನುಷ್ಯರ ವಿಷಯದಲ್ಲಿ ಬಿಡಿಸಿ ಬಿಡಿಸಿ ನೋಡಿದ್ದಾನೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಯಾರ ಇರುವಿಕೆಯೇ ಆ ತಪ್ಪಿನಿಂದ ಶುರುವಾಯ್ತೋ, ಅವರಿಗೆ ಆ ತಪ್ಪಿನಿಂದ ನಷ್ಟ ಆಯ್ತು ಅನ್ನೋದು ಹೇಗೆ? ನನ್ನ ಸ್ನೇಹಿತ ಪಾರ್ಫಿಟ್ಟನ್ನು ಓದಿರಲಿಲ್ಲ. ಬೇಸ್‌ಮೆಂಟಿನಲ್ಲಿ ನಿಂತು ತಾನಾಗೇ ಅಲ್ಲಿಗೆ ಬಂದಿದ್ದ.

ನನಗೆ ಹೊಳೆದದ್ದು ಅವನ ಇನ್‌ಕ್ಯುಬೇಟರ್ ನೋಡ್ತಾ ನಿಂತಿದ್ದಾಗ. ಅದರಲ್ಲಿ ಇನ್ನೊಂದು ಹೆಣ್ಣಿನ ಆರು ಮೊಟ್ಟೆ ಇದ್ದವು. ಆ ಹೆಣ್ಣಿಗೆ ಅವನು ಸ್ಪೈಡರ್ ಗಂಡು ಬಿಟ್ಟಿದ್ದರೂ ಆರು ಮೊಟ್ಟೆ, ಪ್ಯಾಸ್ಟಲ್ ಗಂಡು ಬಿಟ್ಟಿದ್ದರೂ ಆರು ಮೊಟ್ಟೆ. ಹುಟ್ಟಬೇಕಾ ಬೇಡವಾ ಅನ್ನೋದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಆರು ನೆಟ್ಟಗಿನ ಮರಿಯಾ, ಅಥವಾ ಮೂರು ನೆಟ್ಟಗಿನದು ಮೂರು ತಲೆ ತಿರುಗುವುದಾ ಅನ್ನೋದಷ್ಟೇ. ಅದನ್ನು ತೀರ್ಮಾನ ಮಾಡುವಾಗ ಇನ್ನೂ ಯಾವ ಹಾವೂ ಇರಲಿಲ್ಲ, ಉಪಕಾರ ಮಾಡೋಕೆ. ಇದ್ದದ್ದು ಅವನು, ಅವನ ಕೈ, ಎರಡು ಡಬ್ಬಿ. ಹುಟ್ಟಿದ ಮೇಲೆ ಆ ಹಾವನ್ನೇ ಕರೆದು ತಂದು ತನ್ನ ಪರವಾಗಿ ಸಾಕ್ಷಿ ಹೇಳಿಸೋದು ಸರಿ ಅಲ್ಲ. ಇದನ್ನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅದು ನಿಜ. ಆದ್ರೆ ಪ್ಯಾಸ್ಟಲ್ ಯಾರಿಗೆ ಬೇಕು?" ಅಂದ. ನಕ್ಕ. ನಾನೂ ನಕ್ಕೆ. ಮಾತು ಅಲ್ಲಿಗೆ ನಿಂತಿತು.

ಒಪ್ಪದವರೂ ಇದ್ದಾರೆ ಅವರಲ್ಲಿ. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪಟಾಲಜಿಕಲ್ ಸೊಸೈಟಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರೋದನ್ನು ನಿಲ್ಲಿಸಿತು. ಜರ್ಮನಿಯ ಪ್ರಾಣಿರಕ್ಷಣಾ ಕಾನೂನಿನಲ್ಲಿ ಇಂಥ ಸಾಕಾಣಿಕೆಗೇ ಒಂದು ಕಲಮು ಇದೆ, ಜನ ಅದನ್ನು 'ಕ್ವಾಲ್‌ಝುಖ್ಟ್' ಅಂತಾರೆ. ಯಾತನೆಯ ತಳಿ ಅಂತ ಅರ್ಥ. ಹುಟ್ಟಿನಿಂದಲೇ ನೋವು, ನರಳಾಟ, ಊನ ಬರುವ ಹಾಗೆ ಬೆನ್ನೆಲುಬಿನ ಪ್ರಾಣಿಗಳನ್ನು ಬೆಳೆಸಬಾರದು ಅನ್ನುತ್ತೆ ಅದು. ನಮ್ಮಲ್ಲಿ ಮೂಗೇ ಇಲ್ಲದ ಪಗ್ ನಾಯಿ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಗೊರಕೆ ಹೊಡೆದರೆ ನಾವು "ಸೋ ಕ್ಯೂಟ್" ಅಂತೀವಿ. ಅದು ಉಸಿರು ಕಟ್ಟುವ ಸದ್ದು.

ಅವ್ವನ ಪ್ರಶ್ನೆಯ ಜೊತೆ ನಾನು ಬಹಳ ದಿನ ಬೀಗಿಕೊಂಡು ಓಡಾಡಿದೆ. ನೋಡು, ನಮ್ಮೂರಿನ ವಿವೇಕ ಅಂತ. ನಮ್ಮೂರಲ್ಲಿ ಬೀಜದ ಹೋರಿಗೆ ಹುಟ್ಟಿದ ಕರುಗಳ ಕಾಲು ಸೊಟ್ಟ ಬಂದರೆ ಮುಂದಿನ ವರ್ಷ ಯಾರೂ ಆ ಹೋರಿಯ ಹತ್ತಿರ ಹಸು ಹೊಡೆದುಕೊಂಡು ಹೋಗ್ತಿರಲಿಲ್ಲ, ಅದೆಷ್ಟೇ ಎತ್ತರದ ಹಳ್ಳಿಕಾರ್ ಆಗಿರಲಿ. ಅದು ನಿಜ. ಆದ್ರೆ ಅದಕ್ಕೆ ಕಾರಣ ಕರುಣೆ ಅಲ್ಲ, ಸೊಟ್ಟಗಾಲಿನ ಎತ್ತು ಉಳಲ್ಲ ಅನ್ನೋದು. ಆಮೇಲೆ ಸೀಮೆಹಸು ಬಂತು. ಹಾಲಿಗೆ ಬೇಕು ಅಂತ ಇಂಜೆಕ್ಷನ್ ಕೊಡಿಸ್ತಿದ್ದೆವು. ಹುಟ್ಟಿದ್ದು ಹೆಣ್ಣಾದರೆ ಅರಿಶಿನ ಕುಂಕುಮ, ಗಂಡಾದರೆ ಗಿಣ್ಣು ಮುಗಿಯೋ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರ್ತಿರಲಿಲ್ಲ. ಟೆಂಪೋ ಬರ್ತಿತ್ತು. ಎಲ್ಲಿಗೆ ಅಂತ ನಾನು ಕೇಳಿಲ್ಲ, ಅಪ್ಪ ಹೇಳಿಲ್ಲ. ಎರಡರಲ್ಲಿ ಒಂದು ಗಂಡೇ ಆಗುತ್ತೆ ಅಂತ ಇಂಜೆಕ್ಷನ್ ಕೊಡಿಸುವಾಗ ಎಲ್ಲರಿಗೂ ಗೊತ್ತಿತ್ತು. ಹತ್ತಿರ ಹತ್ತಿರ ಸ್ಪೈಡರ್ ಲೆಕ್ಕವೇ. ನನ್ನ ಬಿ.ಇ. ಫೀಸಿನಲ್ಲಿ ಆ ಹಾಲಿನ ದುಡ್ಡು ಇದೆ.

ಇದನ್ನೂ ಒಂದು ಸಲ ಅವ್ವನಿಗೆ ಹೇಳಿದೆ. "ನಮ್ಮದು ಹೊಟ್ಟೆಪಾಡು ಕಣ್ಲಾ. ಅವರದ್ದು ಸೋಕಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಅದು ಅಂಬಾ ಅಂತಿತ್ತು" ಅಂದಳು. ಹೊಟ್ಟೆಪಾಡಿಗೂ ಶೋಕಿಗೂ ವ್ಯತ್ಯಾಸ ಇದೆ ಅಂತ ನಾನು ನಂಬ್ತೀನಿ. ಬಣ್ಣ ಇಲ್ಲದೆ ಯಾರೂ ಹಸಿದುಕೊಂಡು ಮಲಗಲ್ಲ. ಹಾಗಂತ ಅವನ ಬೇಸ್‌ಮೆಂಟಿಗೆ ಇಳಿಯುವಾಗ ನಾನು ಜಡ್ಜಿನ ಕೋಟು ಹಾಕ್ಕೊಂಡು ಇಳಿಯೋಕೆ ಆಗಲ್ಲ.

ಇದೆಲ್ಲ ದೂರದ ಅಮೆರಿಕದ ಕತೆ ಅಂತ ಅಂದುಕೊಂಡಿದ್ದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಏರ್‌ಪೋರ್ಟಿನಲ್ಲಿ ಬ್ಯಾಂಕಾಕ್‌ನಿಂದ ಬಂದ, ವಾರಸುದಾರರಿಲ್ಲದ ಲಗೇಜನ್ನು ಕಸ್ಟಮ್ಸ್‌ನವರು ತೆರೆದಾಗ 55 ಬಾಲ್ ಪೈಥಾನ್ ಇದ್ದವು, ಬೇರೆ ಬೇರೆ ಬಣ್ಣದವು. ಜೊತೆಗೆ 17 ಕಾಳಿಂಗ, ಸತ್ತುಹೋಗಿದ್ದ 6 ಕ್ಯಾಪುಚಿನ್ ಕೋತಿ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಆದ್ರೆ ನೋಂದಣಿ ಅರ್ಜಿಯಲ್ಲಿ ಕೇಳೋದು ಎಲ್ಲಿಂದ ಬಂತು ಅಂತ. ಒಳಗಿವಿ ಹೇಗಿದೆ ಅಂತ ಅಲ್ಲ. ಆ ಸುದ್ದಿಯ ಫೋಟೋದಲ್ಲಿ ನಾನು ಹುಡುಕಿದ್ದು ತೆಳ್ಳನೆ ಕಪ್ಪು ಎಳೆಯ ಹಳದಿ ಮೈಯನ್ನು. ಸುತ್ತಿಕೊಂಡ ಹಾವುಗಳಲ್ಲಿ ಯಾವುದು ಯಾವುದು ಅಂತ ತಿಳಿಯಲಿಲ್ಲ.

ಸುದ್ದಿಯನ್ನು ಶಿಕಾಗೋಗೆ ಕಳಿಸಿದೆ. ಅವನು ಬೈದ, ಸೂಟ್‌ಕೇಸಿನಲ್ಲಿ ತುಂಬಿದವರನ್ನು, ನಿಜವಾದ ಸಿಟ್ಟಿನಿಂದ. ಆಮೇಲೆ ಬಂಬಲ್‌ಬೀಯ ವಿಡಿಯೋ ಕಳಿಸಿದ. ಹಾವು ಇನ್ನೂ ಚೆಂದ ಆಗಿದೆ, ದಪ್ಪ ಆಗಿದೆ. ಈಗ ಇಲಿಯನ್ನು ಇಕ್ಕಳದಲ್ಲಿ ತೂಗಾಡಿಸಲ್ಲ ಅವನು. ಒಂದು ತಟ್ಟೆಯಲ್ಲಿ ಅದರ ಮೂತಿಯ ಮುಂದೆ ಇಟ್ಟು, ದೀಪ ಆರಿಸಿ, ದೂರ ಸರಿದು ಕೂರ್ತಾನೆ. ತಲೆ ಎತ್ತುವ ಕೆಲಸವೇ ಇಲ್ಲದ್ದರಿಂದ ನಡುಕ ಕಮ್ಮಿ. ಹಾವು ನೆಲಕ್ಕೆ ಗದ್ದ ಒತ್ತಿಕೊಂಡೇ ಮುಂದೆ ಸರಿದು, ನಿಧಾನಕ್ಕೆ ಬಾಯಿ ಹಾಕುತ್ತೆ.

ವಿಡಿಯೋದ ಮೂಲೆಯಲ್ಲಿ ಇನ್‌ಕ್ಯುಬೇಟರಿನ ಲೈಟು ಉರೀತಿತ್ತು. ಯಾವ ಜೋಡಿಯದು ಅಂತ ನಾನು ಕೇಳಲಿಲ್ಲ. "ಅವಳಿಗೆ ವಯಸ್ಸಾಯ್ತಲ್ಲ" ಅಂತ ಬರೆದೆ. "ಇನ್ನೂ ಹದಿನೈದು ವರ್ಷ ಗಟ್ಟಿ" ಅಂತ ಉತ್ತರ ಬಂತು, ಜೊತೆಗೊಂದು ನಗುವ ಮುಖ.